ಅದಿರು ಹೋಗಲಿ, ತಂಡ ಉಳಿಯಲಿ

ಮೆಕ್ಸಿಕೋ ದೇಶದಲ್ಲಿ ಸಕಾತೇಕಾಸ್ ಎಂಬ ಊರಿದೆ. 1546ರಲ್ಲಿ ಅಲ್ಲಿನ ಗುಡ್ಡದಲ್ಲಿ ಬೆಳ್ಳಿ ಸಿಕ್ಕಿತು. ಆ ಬೆಳ್ಳಿಯಿಂದಲೇ ಊರು ಬೆಳೆಯಿತು, ದೊಡ್ಡ ದೊಡ್ಡ ಚರ್ಚುಗಳು ಎದ್ದವು. ರಾಶಿ ರಾಶಿ ಬೆಳ್ಳಿ ಹಡಗು ಹತ್ತಿ ಸ್ಪೇನಿಗೆ ಹೋಯಿತು. ಗುಲಾಬಿ ಬಣ್ಣದ ಕಲ್ಲಿನಲ್ಲಿ ಕಟ್ಟಿದ ಅಲ್ಲಿನ ಹಳೇ ಪೇಟೆ 1993ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಹಂಪಿ ಅದೇ ಪಟ್ಟಿಗೆ 1986ರಲ್ಲೇ ಸೇರಿತ್ತು. ಹಂಪಿಯನ್ನೂ ಸಂಡೂರನ್ನೂ ತಂದು ಒಂದೇ ಊರು ಮಾಡಿದರೆ ಹೇಗಿರುತ್ತದೋ ಸಕಾತೇಕಾಸ್ ಹಾಗಿದೆ. ಆ ಊರಿಗೊಂದು ಫುಟ್‌ಬಾಲ್ ಕ್ಲಬ್ ಇದೆ. ಹೆಸರು ಮಿನೆರೋಸ್, ಅಂದರೆ ಗಣಿ ಕೆಲಸದವರು. ಆಡುವುದು ಮೆಕ್ಸಿಕೋದ ಎರಡನೇ ದರ್ಜೆಯ ಲೀಗ್‌ನಲ್ಲಿ. ರಾತ್ರಿಯೆಲ್ಲ ಕೂತು ಮೆಸ್ಸಿ, ರೊನಾಲ್ಡೊ ನೋಡುವ ನಮ್ಮ ಹುಡುಗರು ಆ ತಂಡದ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೆ ಗಣಿಯವರ ಹೆಸರನ್ನೇ ಅಂಗಿಯ ಮೇಲೆ ಹೊತ್ತು ಆಡುವ ಹನ್ನೊಂದು ಜನ ಆ ಊರಿಗಿದ್ದಾರೆ.

ನಮಗಿದ್ದಾರೆಯೇ?

ಕಮಲಾಪುರ, ಹೊಸಪೇಟೆ, ಸಂಡೂರು, ಕಂಪ್ಲಿ. ದೇಶಕ್ಕೆಲ್ಲ ಕಬ್ಬಿಣದ ಅದಿರು ಕೊಟ್ಟ ಸೀಮೆ ಇದು. ಸಂಡೂರಿನ ಗುಡ್ಡದ ಅದಿರು ರೈಲು ಹತ್ತಿ, ಲಾರಿ ಹತ್ತಿ, ಬಂದರು ಸೇರಿ ಹಡಗು ಹತ್ತಿ ಹೋಗಿದೆ. ಇಷ್ಟೆಲ್ಲ ಕೊಟ್ಟ ಸೀಮೆಗೆ, ಹೆಸರು ಹೇಳಿದರೆ ರಾಜ್ಯದವರೆಲ್ಲ ‘ಓ, ಅವರಾ’ ಎನ್ನುವಂಥ ಒಂದು ಫುಟ್‌ಬಾಲ್ ತಂಡ ಇಲ್ಲ. ಇದು ನನ್ನ ಕೊರಗು. ತಮ್ಮಂದಿರೇ, ತಂಗಿಯರೇ, ಈ ಕೊರಗು ನೀಗಿಸುವ ವಯಸ್ಸು ನಿಮ್ಮದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅದಿರಿನ ಮಾತು. ನಿಮ್ಮಲ್ಲಿ ಹದಿನೆಂಟರ ಆಸುಪಾಸಿನವರಿಗೆ ಆ ದಿನಗಳು ನೆನಪಿರಲಾರವು. ನಿಮ್ಮ ಅಪ್ಪಂದಿರನ್ನು ಕೇಳಿ. 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ತಿರವಾದಂತೆ ಚೀನಾಕ್ಕೆ ಕಬ್ಬಿಣದ ಹಸಿವು ಏರಿತು. ಅದಿರಿನ ಬೆಲೆ ಆಕಾಶಕ್ಕೆ ಹೋಯಿತು. ಹೊಸಪೇಟೆ-ಸಂಡೂರು ರಸ್ತೆಯಲ್ಲಿ ಟಿಪ್ಪರುಗಳ ಸಾಲು ಹಗಲೂ ಇತ್ತು, ರಾತ್ರಿಯೂ ಇತ್ತು. ರಸ್ತೆ ಪಕ್ಕದ ಮರ, ಮನೆ, ಹತ್ತಿ, ಜೋಳ ಎಲ್ಲದರ ಮೇಲೂ ಕೆಂಪು ಧೂಳು ಕೂತಿತು. ಜೋಳ ಬಿತ್ತುತ್ತಿದ್ದ ಪಟ್ಟಾ ಹೊಲವನ್ನೇ ಬಗೆದು ಅದಿರು ಎತ್ತಿದವರಿದ್ದರು. ಹೊಲ ಮಾರಿ, ಸಾಲ ಎತ್ತಿ ಲಾರಿ ಕೊಂಡವರಿದ್ದರು. ಆಮೇಲೆ 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಎರಡೇ ದಿನಕ್ಕೆ, ಜುಲೈ 29ರಂದು, ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು. ರಸ್ತೆ ಒಮ್ಮೆಲೇ ಖಾಲಿಯಾಯಿತು. ಕಂತು ಕಟ್ಟಲಾಗದ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಕ್ಲೀನರ್ ಆಗಲೆಂದು ಶಾಲೆ ಬಿಟ್ಟಿದ್ದ ಹುಡುಗರಿಗೆ ಶಾಲೆಯೂ ಇಲ್ಲ, ಲಾರಿಯೂ ಇಲ್ಲ ಎಂಬಂತಾಯಿತು.

ಗಣಿ ಮತ್ತೆ ಶುರುವಾಗಿದೆ, ಈಗ ನಿಯಮದೊಳಗೆ. ಆದರೂ ಭರವಸೆ ಇಟ್ಟು ಕೂರುವಂಥ ಬದುಕಲ್ಲ ಅದು. ಸರ್ಕಾರಿ ಕಂಪನಿಯಾದ ಎನ್‌ಎಂಡಿಸಿಯ ದೋಣಿಮಲೆ ಗಣಿಯೇ ಗುತ್ತಿಗೆಯ ತಕರಾರಿನಿಂದ 2018ರ ನವೆಂಬರಿನಲ್ಲಿ ನಿಂತಿತು. ಮತ್ತೆ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಗಣಿಯೊಂದು ಸುಮ್ಮನೆ ಕೂತಿತ್ತು. ಅದಿರಿನ ಊರಿನ ಹಣೆಬರಹ ಎಲ್ಲ ಕಡೆಯೂ ಇಷ್ಟೇ. ಬೆಲೆ ಬೇರೆಲ್ಲೋ ನಿಗದಿಯಾಗುತ್ತದೆ, ಬಾಗಿಲು ಬೇರೆ ಯಾರೋ ಮುಚ್ಚುತ್ತಾರೆ. ಊರಿನವರು ತಾವೇ ಕಟ್ಟಿಕೊಂಡದ್ದು ಏನಾದರೂ ಇದ್ದರೆ ಅದಷ್ಟೇ ಉಳಿಯುತ್ತದೆ.

ಈ ಮಾತಿಗೆ ಸಾಕ್ಷಿ ಬೇಕೆಂದರೆ ಮತ್ತೆ ಮೆಕ್ಸಿಕೋಕ್ಕೇ ಹೋಗಬೇಕು. ಹೋಗುವ ದಾರಿಯಲ್ಲಿ ನಮ್ಮ ಕೋಲಾರವೂ ಸಿಗುತ್ತದೆ.

ಲಂಡನ್ನಿನಲ್ಲಿ ಜಾನ್ ಟೇಲರ್ ಎಂಬ ಗಣಿ ಎಂಜಿನಿಯರ್ ಇದ್ದ. 1824ರಲ್ಲಿ ಮೆಕ್ಸಿಕೋದ ಪಚುಕಾ ಊರಿನ ಹತ್ತಿರ, ರಿಯಲ್ ಡೆಲ್ ಮೊಂಟೆ ಎಂಬ ಬೆಟ್ಟದ ಬೆಳ್ಳಿ ಗಣಿಗಳನ್ನು ಹಿಡಿಯಲು ಹೊರಟ ಬ್ರಿಟಿಷ್ ಕಂಪನಿಯ ಹಿಂದೆ ಇದ್ದವನು ಅವನೇ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿ ಕಾರ್ಮಿಕರನ್ನು ಹಡಗು ಹತ್ತಿಸಿ ಕಳಿಸಿದರು. ಭಾರೀ ಉಗಿಯಂತ್ರಗಳನ್ನು ಬಿಚ್ಚಿ ತಂದು, ವೆರಾಕ್ರೂಜ್ ಬಂದರಿನಿಂದ ಬೆಟ್ಟದ ಮೇಲಕ್ಕೆ ಎಳೆದು ಸಾಗಿಸಬೇಕಿತ್ತು. ದಾರಿಯಲ್ಲೇ ಹಳದಿ ಜ್ವರ ಬಂದು ಹಲವರು ಸತ್ತರು. ಕಂಪನಿ ಕಾಲು ಶತಮಾನ ಹೆಣಗಿ, ನಷ್ಟ ಹೊತ್ತು, ಗಣಿಗಳನ್ನು ಮಾರಿ ಹೋಯಿತು. ಕಾರ್ನ್‌ವಾಲಿನ ಕೆಲಸಗಾರರಲ್ಲಿ ಹಲವರು ಅಲ್ಲೇ ಉಳಿದರು, ಅಲ್ಲೇ ಸಂಸಾರ ಹೂಡಿದರು. ಗಣಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಅವರ ಕಡುಬಿನಂಥ ತಿಂಡಿ ಇವತ್ತಿಗೂ ಪಚುಕಾದ ಬೀದಿಬೀದಿಯಲ್ಲಿ ಮಾರಾಟಕ್ಕಿದೆ.

ಅದೇ ಜಾನ್ ಟೇಲರ್ ಕುಟುಂಬದ ಸಂಸ್ಥೆ, ಜಾನ್ ಟೇಲರ್ ಅಂಡ್ ಸನ್ಸ್, 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. ಕಾರ್ನ್‌ವಾಲಿನ ಗಣಿಗಾರರೂ ಕೆಜಿಎಫ್‌ಗೆ ಬಂದರು. ಅಲ್ಲಿನ ಚಾಂಪಿಯನ್ ರೀಫ್ ಗಣಿಯನ್ನು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಸಿದರು. ಗಣಿ ನಡೆಯಲೆಂದೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದರು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದರು. ಇವತ್ತು ಕೆಜಿಎಫ್‌ನಲ್ಲಿ ಸೈನೈಡ್ ಮಣ್ಣಿನ ದಿಬ್ಬಗಳಿವೆ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ವಾಪಸಾಗುವ ಸಾವಿರಾರು ಜನರಿದ್ದಾರೆ. ಕೆಜಿಎಫ್‌ನವರ ಮೇಲೆ ನನಗಿರುವುದು ಗೌರವ. ಅಷ್ಟು ಕಷ್ಟ ಉಂಡೂ ಊರು ಬಿಡದೆ ನಿಂತವರು ಅವರು. ಆದರೆ ಅವರ ಊರನ್ನು ನೋಡುವಾಗಲೆಲ್ಲ ನನಗೆ ಸಂಡೂರಿನ ನಾಳೆಯ ಚಿಂತೆ ಹತ್ತುತ್ತದೆ.

ಈಗ ಪಚುಕಾಕ್ಕೆ ಬನ್ನಿ. ಆ ಕಾರ್ನ್‌ವಾಲಿನವರು 1901ರಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿದರು. ಪಾಳಿ ಮುಗಿಸಿ ಮೇಲೆ ಬಂದವರು ಬಯಲಲ್ಲಿ ಚೆಂಡು ಒದೆಯುತ್ತಿದ್ದರು, ಅಷ್ಟೇ ಅದರ ಬಂಡವಾಳ. 1904-05ರಲ್ಲಿ ಮೆಕ್ಸಿಕೋ ಲೀಗ್ ಗೆದ್ದರು. ಕ್ರಾಂತಿಯ ಗಲಾಟೆಯಲ್ಲಿ ಬ್ರಿಟಿಷರು ಊರು ಬಿಟ್ಟರು, 1920ರ ದಶಕದಲ್ಲಿ ಕ್ಲಬ್ಬೂ ಮುಚ್ಚಿತು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಊರಿನವರು ಮುಗಿಯಲು ಬಿಡಲಿಲ್ಲ. ಕೆಲವು ದಶಕಗಳ ಮೇಲೆ ಅದೇ ಹೆಸರಲ್ಲಿ ಮತ್ತೆ ತಂಡ ಕಟ್ಟಿ ಕೆಳಗಿನ ದರ್ಜೆಯಿಂದ ಶುರು ಮಾಡಿದರು. 1967ರಲ್ಲಿ ಮೇಲಿನ ದರ್ಜೆಗೆ ಏರಿದರು, 1973ರಲ್ಲಿ ಇಳಿದರು. ಆಮೇಲೆ ಸುಮಾರು ಎರಡು ದಶಕ ಕೆಳಗಿನ ದರ್ಜೆಯಲ್ಲೇ ಕಾದರು. 1992ರಲ್ಲಿ ಏರಿ ಮರುವರ್ಷವೇ ಇಳಿದರು. 1996ರಲ್ಲಿ ಮತ್ತೆ ಏರಿದರು, ಮತ್ತೆ ಇಳಿದರು. 1998ರಲ್ಲಿ ಏರಿದವರು ಇಳಿಯಲೇ ಇಲ್ಲ. 1999ರಲ್ಲಿ ದೇಶದ ಚಾಂಪಿಯನ್ನರಾದರು. 2006ರಲ್ಲಿ ಚಿಲಿಯ ಕೋಲೋ-ಕೋಲೋ ತಂಡವನ್ನು ಅದರ ನೆಲದಲ್ಲೇ ಸೋಲಿಸಿ ಕೋಪಾ ಸುಡಾಮೆರಿಕಾನಾ ಗೆದ್ದರು. ದಕ್ಷಿಣ ಅಮೆರಿಕದ ಅಂಥ ಪ್ರಶಸ್ತಿ ಮೆಕ್ಸಿಕೋದ ಕ್ಲಬ್ ಒಂದಕ್ಕೆ ಸಿಕ್ಕಿದ್ದು ಅದೇ ಮೊದಲು. ಫುಟ್‌ಬಾಲ್ ಮತ್ತು ಕ್ರೀಡಾ ವಿಜ್ಞಾನ ಕಲಿಸಲೆಂದೇ ಆ ಊರಿನಲ್ಲಿ ಒಂದು ವಿಶ್ವವಿದ್ಯಾಲಯ ಎದ್ದಿದೆ. 2018ರ ವಿಶ್ವಕಪ್‌ನಲ್ಲಿ ಜರ್ಮನಿಯಂಥ ಜರ್ಮನಿಗೆ ಗೋಲು ಹೊಡೆದು ಸೋಲಿಸಿದ ಇರ್ವಿಂಗ್ ಲೊಸಾನೊ, ಹುಡುಗನಾಗಿದ್ದಾಗಲೇ ಪಚುಕಾದ ಅಕಾಡೆಮಿ ಸೇರಿ ಬೆಳೆದವನು.

ಬ್ರಿಟಿಷ್ ಕಂಪನಿ ಹೋಗಿ ಒಂದೂಮುಕ್ಕಾಲು ಶತಮಾನವಾಯಿತು, ಕ್ಲಬ್ ಇದೆ. ಏರಿದ ವರ್ಷಗಳಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಕೆಳಗೇ ಕಾದ ಆ ಎರಡು ದಶಕಗಳು. ಟಿವಿಯಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಆದರೂ ಯಾರೋ ಒಬ್ಬ ಸುಣ್ಣದ ಗೆರೆ ಎಳೆದಿದ್ದಾನೆ, ಯಾರೋ ಒಬ್ಬಳು ಅಂಗಿಗಳನ್ನು ಒಗೆದು ಒಣಗಿಸಿದ್ದಾಳೆ, ಯಾರೋ ಹದಿನಾರರ ಹುಡುಗ ಮಳೆಯಲ್ಲಿ ಅಭ್ಯಾಸಕ್ಕೆ ಬಂದು ನಿಂತಿದ್ದಾನೆ. ತಂಡವನ್ನು ಉಳಿಸಿದವರು ಅವರು.

‘ನಮ್ಮಲ್ಲೂ ಇದೆಯಲ್ಲ, ಬೆಂಗಳೂರು ಎಫ್‌ಸಿ’ ಎನ್ನುತ್ತೀರಿ. ಹೌದು, ಇದೆ. ಅದರಲ್ಲಿ ನಮ್ಮ ಸೀಮೆಯ ಪಾಲೂ ಇದೆ, ಎದೆ ತಟ್ಟಿ ಹೇಳಿಕೊಳ್ಳಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಒಡೆತನದ ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಕಟ್ಟಿದ ಕ್ಲಬ್ ಅದು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ತಂಡವಾಯಿತು. 2018-19ರಲ್ಲಿ ಐಎಸ್‌ಎಲ್, 2022ರಲ್ಲಿ ಡುರಾಂಡ್ ಕಪ್. ಅದೇ ಸಮೂಹ 2018ರಲ್ಲಿ ತೋರಣಗಲ್ಲಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದವರು. ಬೆಂಗಳೂರು ಎಫ್‌ಸಿಯ ಹುಡುಗರ ವಸತಿ ಅಕಾಡೆಮಿ ನಡೆದದ್ದೂ ಅಲ್ಲೇ. ಹೊಸಪೇಟೆಯಿಂದ ಅಲ್ಲಿಗೆ ಸುಮಾರು 30 ಕಿ.ಮೀ.

ಅಷ್ಟು ಹತ್ತಿರ ಇದ್ದದ್ದು ನಮಗೇಕೆ ದೂರವಾಯಿತು? ಅಲ್ಲಿಗೆ ಹೋಗುವ ಮೆಟ್ಟಿಲು ನಮ್ಮೂರಲ್ಲಿ ಇರಲಿಲ್ಲ, ಅದಕ್ಕೆ. ಅಂಥ ಅಕಾಡೆಮಿಗೆ ಆಯ್ಕೆಯಾಗುವ ಹುಡುಗ ಹನ್ನೆರಡು ಹದಿಮೂರಕ್ಕೆಲ್ಲ ನಾಲ್ಕೈದು ವರ್ಷ ಆಡಿ ಬಂದಿರುತ್ತಾನೆ. ಮಣಿಪುರ, ಮಿಜೋರಾಂ, ಗೋವಾ, ಕೇರಳದ ಹಳ್ಳಿಗಳಲ್ಲಿ ಆ ವಯಸ್ಸಿಗೆ ತಂಡಗಳಿವೆ, ಪಂದ್ಯಗಳಿವೆ. ಕಮಲಾಪುರದ ಹನ್ನೆರಡರ ಹುಡುಗನಿಗೆ ಏನಿದೆ? ಶಾಲೆಯ ಪಿ.ಇ. ಮೇಷ್ಟ್ರಿಗೆ ಮನಸ್ಸಿದ್ದರೆ ವರ್ಷಕ್ಕೊಂದು ತಾಲ್ಲೂಕು ಮಟ್ಟದ ಪಂದ್ಯ. ಒಂದು ಪಂದ್ಯ ಸೋತರೆ ಮನೆಗೆ. ಆಟ ಕಲಿಯುವುದಕ್ಕೆ ವರ್ಷಕ್ಕೆ ಮೂವತ್ತು ಪಂದ್ಯವಾದರೂ ಬೇಕು, ನಮ್ಮ ಮಕ್ಕಳಿಗೆ ಸಿಗುವುದು ಒಂದು. ಕಾರ್ಖಾನೆಯವರು ಮಹಡಿ ಕಟ್ಟಿದರು. ಮೆಟ್ಟಿಲು ಕಟ್ಟುವುದು ಊರಿನ ಕೆಲಸ.

ಇನ್ನೊಂದು ಮಾತು. ಸಕಾತೇಕಾಸಿನ ಕ್ಲಬ್ಬನ್ನು ಹೊಗಳಿದೆನಲ್ಲ, ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಅದು ಊರಿನ ಬಯಲಲ್ಲಿ ಹುಟ್ಟಿದ ಕ್ಲಬ್ ಅಲ್ಲ. 2014ರಲ್ಲಿ ಗ್ವಾದಲಹಾರದ ಒಂದು ತಂಡದ ಜಾಗವನ್ನೇ ಎತ್ತಿ ತಂದು ಆ ಊರಿನ ಹೆಸರಿಟ್ಟು ನಿಲ್ಲಿಸಿದ್ದು. ಮೆಕ್ಸಿಕೋದಲ್ಲಿ ಹೀಗೆ ಕ್ಲಬ್ಬುಗಳು ಮಾರಾಟವಾಗಿ ಊರಿಂದೂರಿಗೆ ಹೋಗುವುದು ಹಳೇ ರೂಢಿ. ಒಬ್ಬ ಧಣಿ ತಂದದ್ದನ್ನು ಇನ್ನೊಬ್ಬ ಧಣಿ ಒಯ್ಯಬಹುದು. ಮೇಲಾಗಿ 2020ರಲ್ಲಿ ಅಲ್ಲಿನ ಫೆಡರೇಷನ್ ಏರುವ ಇಳಿಯುವ ಪದ್ಧತಿಯನ್ನೇ ನಿಲ್ಲಿಸಿತು. ಎರಡನೇ ದರ್ಜೆಯ ಕಪ್ ಗೆದ್ದರೂ ಮೇಲೆ ಹೋಗುವಂತಿರಲಿಲ್ಲ. ಪಚುಕಾ ಏರಿದ ಏಣಿಯನ್ನು ಸಕಾತೇಕಾಸಿನ ಕಾಲಿಗೆ ಎಟುಕದಂತೆ ಎಳೆದುಕೊಂಡರು. ಆದರೂ ಅವರು ಆಡುತ್ತಿದ್ದಾರೆ. ಧಣಿ ಯಾರೇ ಇರಲಿ, ಏಣಿ ಇರಲಿ ಇಲ್ಲದಿರಲಿ, ಮೈದಾನಕ್ಕೆ ಬರುವ ಆ ಜನರ ಹಟ ನಮಗೆ ಬೇಕು. ಧಣಿಯ ಕೈಯಲ್ಲಿರುವ ಕ್ಲಬ್ಬಿನ ಗತಿ ನಮಗೆ ಬೇಡ. ಅದಕ್ಕೇ ಹೇಳುತ್ತೇನೆ, ಯಾರಾದರೂ ಬಂದು ಕಟ್ಟಿಕೊಡಲಿ ಎಂದು ಕಾಯಬೇಡಿ. ನೀವೇ ಕಟ್ಟಿ. ಈ ವರ್ಷವೇ ಕಟ್ಟಿ.

ಹೇಗೆ ಎಂದರೆ, ಮೊದಲು ಏಳು ಜನ ಸೇರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಒಂದು ಸಂಘ ನೋಂದಾಯಿಸಲು ಏಳು ಜನ ಸಾಕು. ಫುಟ್‌ಬಾಲಿನ ನಿಯಮ ಪುಸ್ತಕವೂ ಅದನ್ನೇ ಹೇಳುತ್ತದೆ: ತಂಡದಲ್ಲಿ ಏಳಕ್ಕಿಂತ ಕಡಿಮೆ ಜನರಿದ್ದರೆ ಪಂದ್ಯ ಶುರುವಾಗದು. ಕಾಯ್ದೆಗೂ ಆಟಕ್ಕೂ ಬೇಕಾದದ್ದು ಅದೇ ಏಳು. ನಿಮ್ಮ ಓಣಿಯಲ್ಲಿ ಏಳು ಜನರಿಲ್ಲವೇ? ನೋಂದಣಿ ಎಂದ ಕೂಡಲೇ ಹಲವರಿಗೆ ಬೇಸರ. ‘ಆಡೋಕೆ ಯಾಕೆ ಕಾಗದ?’ ಎನ್ನುತ್ತಾರೆ. ಕಾಗದ ಬೇಕು, ಕೇಳಿ. ನೋಂದಣಿ ಇಲ್ಲದ ತಂಡ ಅದನ್ನು ಕಟ್ಟಿದ ಅಣ್ಣನ ಮದುವೆಯಾದ ವರ್ಷ ಸಾಯುತ್ತದೆ. ಅವನು ದುಡಿಯಲು ಬೆಂಗಳೂರಿಗೆ ಹೋದ ದಿನ ಚೆಂಡು ಅಟ್ಟ ಸೇರುತ್ತದೆ. ನೋಂದಾಯಿಸಿದ ಸಂಘಕ್ಕೆ ಬ್ಯಾಂಕಿನಲ್ಲಿ ಅದರದೇ ಖಾತೆ ಇರುತ್ತದೆ, ವರ್ಷಕ್ಕೊಮ್ಮೆ ಸಭೆ, ಲೆಕ್ಕ, ಪದಾಧಿಕಾರಿಗಳ ಆಯ್ಕೆ ಇರುತ್ತವೆ. ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ಮನುಷ್ಯರಿಗಿಂತ ಹೆಚ್ಚು ಕಾಲ ಬಾಳುವಂತೆ ಒಂದು ತಂಡವನ್ನು ಕಟ್ಟುವುದು ಹಾಗೆಯೇ. ಪಚುಕಾದ ಗುಟ್ಟೂ ಇದೇ ಎಂದು ನನ್ನ ನಂಬಿಕೆ.

ಮೈದಾನದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ತಂಡಗಳು ಸೋಲುವುದು ಅಲ್ಲೇ. ಕಮಲಾಪುರದ ಸುತ್ತ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆ ಇದೆ. ಕಟ್ಟಡ ಕಟ್ಟಲು ಸಾವಿರ ನಿರ್ಬಂಧ. ಅದನ್ನು ಶಾಪ ಎಂದುಕೊಂಡವರು ಬಹಳ ಜನ. ಫುಟ್‌ಬಾಲಿಗೆ ಕಟ್ಟಡ ಯಾಕೆ ಬೇಕು? ಗ್ಯಾಲರಿ ಬೇಡ, ಕಾಂಪೌಂಡು ಬೇಡ. ನೂರು ಮೀಟರ್ ಉದ್ದ, ಅರವತ್ತೈದು ಮೀಟರ್ ಅಗಲದ ಸಮತಟ್ಟು ನೆಲ ಬೇಕು, ಅಷ್ಟೇ. ಮಕ್ಕಳಿಗೆ ಅದರ ಅರ್ಧ ಸಾಕು. ಶಾಲೆಯ ಬಯಲು, ಕಾಲೇಜಿನ ಬಯಲು, ಪಂಚಾಯಿತಿಯ ಜಾಗ, ಯಾವುದು ಸಿಗುತ್ತದೋ ಅದಕ್ಕೆ ಅನುಮತಿಯ ಪತ್ರ ಬರೆದು ಪಡೆಯಿರಿ. ಸ್ಮಾರಕದ ಆವರಣಕ್ಕೆ ಮಾತ್ರ ಚೆಂಡು ಒಯ್ಯಬೇಡಿ. ಆ ಕಲ್ಲಿಗೆ ಒಂದು ಗೀರು ಬಿದ್ದರೂ ನಷ್ಟ ನಮ್ಮದೇ.

ನಮ್ಮ ಮಣ್ಣು ಗೊತ್ತಲ್ಲ. ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಮಳೆ ಬಿದ್ದರೆ ಕಾಲಿಗೆ ಅಂಟುತ್ತದೆ. ಅಂಥ ನೆಲದ ಮೇಲೆ ಬಿದ್ದವನ ಮೊಣಕಾಲ ಚರ್ಮ ಕಿತ್ತು ಬರುತ್ತದೆ, ಮಾರನೇ ದಿನ ಅವನು ಬರುವುದಿಲ್ಲ. ಆದ್ದರಿಂದ ಚೆಂಡು ಮುಟ್ಟುವ ಮೊದಲು ನೆಲ ಮಾಡಿಕೊಳ್ಳಿ. ಇಪ್ಪತ್ತು ಜನ ಭುಜಕ್ಕೆ ಭುಜ ಹಚ್ಚಿ ಸಾಲಾಗಿ ನಿಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಗ್ಗಿ ನಡೆಯುತ್ತ ಕಲ್ಲು, ಗಾಜಿನ ಚೂರು, ಮುಳ್ಳು ಆರಿಸಿ ಬುಟ್ಟಿಗೆ ಹಾಕಿ. ಮತ್ತೆ ಅಡ್ಡಡ್ಡ ಅದೇ ಕೆಲಸ. ಗುಂಡಿಗಳಿಗೆ ಜರಡಿ ಹಿಡಿದ ಮಣ್ಣು ತುಂಬಿ. ಸಂಜೆ ಟ್ಯಾಂಕರ್ ನೀರು ಬಿಟ್ಟು ರಾತ್ರಿಯಿಡೀ ಕುಡಿಯಲು ಬಿಡಿ. ಬೆಳಗ್ಗೆ ಪಂಚಾಯಿತಿಯ ರೋಲರ್ ಸಿಕ್ಕರೆ ಅದು, ಇಲ್ಲವಾದರೆ ಕಲ್ಲಿನ ಗುಂಡು ಉರುಳಿಸಿ. ಆಮೇಲೆ ದಾರ ಕಟ್ಟಿ ಸುಣ್ಣದ ಗೆರೆ ಎಳೆಯಿರಿ. ಗೆರೆ ಬಿದ್ದ ಬಯಲನ್ನು ಜನ ನೋಡುವ ಬಗೆಯೇ ಬೇರೆ. ಅಲ್ಲಿ ಯಾರೂ ಟ್ರ್ಯಾಕ್ಟರ್ ಹತ್ತಿಸುವುದಿಲ್ಲ, ಕಸ ಸುರಿಯುವುದಿಲ್ಲ. ಗೋಲ್ ಕಂಬ ಮೊದಲು ಬಿದಿರಿನದೇ ಇರಲಿ, ಅಗಲ ಮಾತ್ರ ಅಳತೆಗೆ ಸರಿಯಾಗಿ 7.32 ಮೀಟರ್, ಎತ್ತರ 2.44 ಮೀಟರ್ ಇರಲಿ. ಚಪ್ಪಲಿ ಇಟ್ಟು ಗೋಲು ಎಂದು ಆಡಿದವನಿಗೆ ನಿಜವಾದ ಗೋಲಿನ ಮುಂದೆ ನಿಂತಾಗ ಮೂಲೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ದುಡ್ಡು? ಗಣಿಯಿಂದಲೇ ಕೇಳಿ, ಹಕ್ಕಿನಿಂದ ಕೇಳಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದು ಗಣಿಯ ಪ್ರಭಾವ ಇರುವ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಆಗಿದೆ. ಹಳೆಯ ಗುತ್ತಿಗೆದಾರರು ರಾಯಲ್ಟಿಯ ಶೇ 30ರಷ್ಟು, ಹರಾಜಿನಲ್ಲಿ ಬಂದ ಹೊಸಬರು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆ ಉಂಡ ಜನರಿಗೆಂದೇ ಇರುವ ದುಡ್ಡು ಅದು, ಶಿಕ್ಷಣಕ್ಕೆ, ಆರೋಗ್ಯಕ್ಕೆ ಅದರಲ್ಲಿ ಮೊದಲ ಮಣೆ. ಧೂಳು ಕುಡಿದು ಬೆಳೆದ ಮಕ್ಕಳ ಶಾಲೆಗೊಂದು ಒಳ್ಳೆಯ ಮೈದಾನ, ಒಬ್ಬ ತರಬೇತುದಾರ ಬೇಕೆಂದು ಆ ಪ್ರತಿಷ್ಠಾನದ ಮುಂದೆ ಅರ್ಜಿ ಇಡಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಪ್ರತಿ ಪಡೆಯಿರಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ. ನೋಂದಾಯಿತ ಸಂಘದ ಲೆಟರ್‌ಹೆಡ್ ಇದ್ದರೆ ಅರ್ಜಿಯ ತೂಕ ಬೇರೆ, ನೆನಪಿರಲಿ. ಅದು ಬರುವವರೆಗೆ ತಿಂಗಳಿಗೆ ಒಬ್ಬೊಬ್ಬರೂ ಐವತ್ತು ರೂಪಾಯಿ ಹಾಕಿ ಚೆಂಡು, ಪಂಪು, ಸುಣ್ಣ ನಡೆಸಿ. ದೊಡ್ಡವರ ದೇಣಿಗೆ ಬಂದರೆ ರಸೀದಿ ಕೊಟ್ಟು ತೆಗೆದುಕೊಳ್ಳಿ. ಅಂಗಿಯ ಮೇಲೆ ರಾಜಕಾರಣಿಯ ಫೋಟೊ ಹಾಕಿಸುವ ಷರತ್ತಿದ್ದರೆ ಕೈಮುಗಿದು ವಾಪಸು ಕಳಿಸಿ. ಈ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಚುನಾವಣೆಗೊಮ್ಮೆ ತಂಡ ಒಡೆಯುವುದು ನಮ್ಮ ಸೀಮೆಯ ಹಳೇ ರೋಗ.

ಹೆಣ್ಣುಮಕ್ಕಳ ತಂಡ ಮೊದಲ ದಿನದಿಂದಲೇ ಇರಲಿ. ‘ಮೊದಲು ಹುಡುಗರದು ನಿಲ್ಲಲಿ, ಆಮೇಲೆ ನೋಡೋಣ’ ಎಂದ ಕಡೆಯೆಲ್ಲ ಆ ಆಮೇಲೆ ಬರುವುದೇ ಇಲ್ಲ. ವಾರದಲ್ಲಿ ಮೂರು ಸಂಜೆ ಪೂರಾ ಮೈದಾನ ಅವರಿಗೆ ಬಿಟ್ಟುಕೊಡಿ, ಬೋರ್ಡಿನ ಮೇಲೆ ಬರೆದು ಹಾಕಿ. ಅಮ್ಮಂದಿರು ಬಂದು ಕೂರಲು ಎರಡು ಬೆಂಚು, ಬಾಗಿಲಿರುವ ಒಂದು ಶೌಚಾಲಯ, ಕತ್ತಲಾಗುವ ಮೊದಲು ಮನೆ ಮುಟ್ಟಿಸುವ ಹೊಣೆ. ಈ ಮೂರಿದ್ದರೆ ನಮ್ಮ ಹುಡುಗಿಯರು ಬರುತ್ತಾರೆ. ಬಾಳೆತೋಟದಲ್ಲಿ ಗೊನೆ ಹೊತ್ತು, ಕಾಲುವೆ ದಂಡೆಯ ಮೇಲೆ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಿ ಬಂದ ಕಾಲುಗಳು ಅವು. ಆ ಕಾಲಿಗೆ ಚೆಂಡು ಕೊಟ್ಟು ನೋಡಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಆಡಿತು. ಕರ್ನಾಟಕದ ಕ್ಲಬ್ ಅಲ್ಲಿಯವರೆಗೆ ಹೋಗಬಲ್ಲದು ಎಂಬುದು ಈಗ ಕಂಡ ಮಾತು.

ಗಂಡು ಮಕ್ಕಳ ಸಂತೋಷ್ ಟ್ರೋಫಿಯನ್ನೂ ಅದೇ ವರ್ಷ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ, ಕರ್ನಾಟಕ ಗೆದ್ದಿತು. ಮೇಘಾಲಯದ ಮೇಲೆ 3-2. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿತ್ತು. ನಡುವೆ ಕಳೆದದ್ದು 54 ವರ್ಷ. ಅಷ್ಟು ವರ್ಷ ಏಕೆ ಬೇಕಾಯಿತು ಎಂದು ನನ್ನನ್ನು ಕೇಳಿದರೆ, ರಾಜ್ಯದ ಫುಟ್‌ಬಾಲ್ ಬೆಂಗಳೂರಿನ ಕೆಲವು ಬಡಾವಣೆಗಳಲ್ಲೇ ಕೂತುಬಿಟ್ಟದ್ದು ಒಂದು ದೊಡ್ಡ ಕಾರಣ ಎನ್ನುತ್ತೇನೆ. ಸಿ ಡಿವಿಷನ್‌ನಿಂದ ಸೂಪರ್ ಡಿವಿಷನ್‌ವರೆಗೆ ಮೆಟ್ಟಿಲುಗಳಿರುವುದು ಅಲ್ಲಿ. ಜಿಲ್ಲೆಗಳ ಹುಡುಗರು ಆ ಮೆಟ್ಟಿಲು ಹತ್ತಬೇಕೆಂದರೆ ಊರೇ ಬಿಡಬೇಕು. ನಮ್ಮ ಸೀಮೆಯಲ್ಲಿ ಎಂಟು ತಂಡ ನೋಂದಣಿಯಾಗಿ, ಎಂಟೂ ಸೇರಿ ಒಂದು ಲೀಗ್ ನಡೆಸಿದರೆ ರಾಜ್ಯ ಸಂಸ್ಥೆಯ ಬಾಗಿಲು ತಟ್ಟಲು ನಮಗೆ ದನಿ ಬರುತ್ತದೆ. ಕಮಲಾಪುರದ್ದೊಂದು, ಹೊಸಪೇಟೆಯವು ಎರಡು, ಸಂಡೂರು, ದೋಣಿಮಲೆ, ತೋರಣಗಲ್ಲು, ಕಂಪ್ಲಿ, ಮರಿಯಮ್ಮನಹಳ್ಳಿ. ಎಂಟಾಯಿತು. 2021ರಲ್ಲಿ ಜಿಲ್ಲೆ ಎರಡಾಯಿತು, ನಾವು ವಿಜಯನಗರ, ಸಂಡೂರು-ಕಂಪ್ಲಿಯವರು ಬಳ್ಳಾರಿ. ಕಾಗದದ ಮೇಲಿನ ಆ ಗೆರೆ ಚೆಂಡಿಗೆ ಅಡ್ಡ ಬರಬೇಕಿಲ್ಲ. ನಾವು ಕುಡಿದ ಧೂಳು ಒಂದೇ, ಕುಡಿಯುವ ತುಂಗಭದ್ರೆಯೂ ಒಂದೇ.

ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುತ್ತಾರೆ, ‘ಏನಪ, ಚೆಂಡು ಒದ್ರೆ ಹೊಟ್ಟಿ ತುಂಬ್ತೈತೇನು?’ ಸಿಟ್ಟಾಗಬೇಡಿ, ಅವರು ಹಸಿವು ಕಂಡವರು. ಅವರಿಗೆ ನಿಜವನ್ನೇ ಹೇಳಿ. ಎಲ್ಲರೂ ಸುನಿಲ್ ಚೆಟ್ರಿ ಆಗುವುದಿಲ್ಲ. ನೂರರಲ್ಲಿ ಒಬ್ಬ ದೊಡ್ಡ ಕ್ಲಬ್ ಸೇರಿದರೂ ಹೆಚ್ಚೇ. ಉಳಿದವರಲ್ಲಿ ಒಬ್ಬ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಮಾಡಿ ಕೋಚ್ ಆಗುತ್ತಾನೆ, ಒಬ್ಬಳು ರೆಫರಿ ಪರೀಕ್ಷೆ ಬರೆಯುತ್ತಾಳೆ, ಒಬ್ಬ ಪಿ.ಇ. ಮೇಷ್ಟ್ರಾಗುತ್ತಾನೆ. ಹೆಚ್ಚಿನವರು ಆಟೊ ಓಡಿಸುತ್ತಾರೆ, ಗೈಡ್ ಆಗುತ್ತಾರೆ, ತೋಟ ಮಾಡುತ್ತಾರೆ, ಪ್ಲಾಂಟಿಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬಂದು ಆಡುತ್ತಾರೆ. ಪಚುಕಾದ ಮೊದಲ ಹನ್ನೊಂದು ಮಂದಿಯೂ ಹೊಟ್ಟೆಗೆ ದುಡಿದದ್ದು ಗಣಿಯಲ್ಲೇ. ಆದರೆ ಸಂಜೆ ಐದರಿಂದ ಏಳರವರೆಗೆ ಮೈದಾನದಲ್ಲಿ ಕಳೆದ ಹುಡುಗ ಬಾರಿನ ಮುಂದೆ ಆ ಎರಡು ತಾಸು ಕಳೆಯಲಿಲ್ಲ, ಮೊಬೈಲಿನ ಜೂಜಿಗೆ ಅಪ್ಪನ ಖಾತೆ ಖಾಲಿ ಮಾಡಲಿಲ್ಲ. ಇದು ಸಣ್ಣ ಮಾತಲ್ಲ ಎಂಬುದು ಆ ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಲ್ಲದೆ ಆಟ ನಮ್ಮ ನೆಲಕ್ಕೆ ಹೊಸದೇನಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಜಟ್ಟಿಗಳು ಇವತ್ತಿಗೂ ಹಿಡಿದುಕೊಂಡೇ ನಿಂತಿದ್ದಾರೆ. ಐನೂರು ವರ್ಷದ ಹಿಂದೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಇಲ್ಲಿನ ನವರಾತ್ರಿಯ ಕುಸ್ತಿ ನೋಡಿ ಬೆರಗಾಗಿ ಬರೆದಿಟ್ಟ. ಅರಸರು ಹೋದರು, ರಾಜಧಾನಿ ಹಾಳಾಯಿತು, ಗರಡಿಗಳು ಮಾತ್ರ ಊರೂರಲ್ಲಿ ಉಳಿದವು. ಗರಡಿಯನ್ನು ನಡೆಸಿದವರು ಅರಸರಾಗಿರಲಿಲ್ಲ, ಓಣಿಯ ಜನ.

ಹಾಗಾದರೆ ಶುರು ಮಾಡಿ. ನಮ್ಮ ಬೇಸಿಗೆ ಗೊತ್ತಿದೆಯಲ್ಲ, ಹತ್ತಕ್ಕೆಲ್ಲ ನೆಲ ಕಾದು ಹೆಂಚಾಗುತ್ತದೆ, ಹಾಗಾಗಿ ಬೆಳಗಿನ ಐದೂವರೆಗೆ ಅಭ್ಯಾಸ ಇಡಿ. ಮಕ್ಕಳಿಗೆ ಹತ್ತು, ಹನ್ನೆರಡು, ಹದಿನಾಲ್ಕು ವಯಸ್ಸಿನ ಮೂರು ಗುಂಪು ಮಾಡಿ, ಹಾಜರಿ ಪುಸ್ತಕ ಇಡಿ. ಬಂದು ಬಂದು ಬಾರದೇ ಹೋದ ಮಗುವಿನ ಮನೆಗೆ ಆ ವಾರವೇ ಇಬ್ಬರು ಹೋಗಿ ವಿಚಾರಿಸಿ. ಜ್ವರವಿರಬಹುದು, ಶೂ ಹರಿದಿರಬಹುದು, ಕೆಲಸಕ್ಕೆ ಹಚ್ಚಿರಬಹುದು. ಹೆಸರು, ಬಣ್ಣ, ಲಾಂಛನದ ಜಗಳವನ್ನು ಒಂದೇ ಸಂಜೆಯಲ್ಲಿ ಕೈ ಎತ್ತಿಸಿ ಮುಗಿಸಿ. ದಸರೆಯ ರಜೆಗೆ ಮೊದಲ ಪಂದ್ಯ ಗೊತ್ತು ಮಾಡಿ, ಸಂಡೂರಿನವರನ್ನು ಕರೆಯಿರಿ. ಗಣಿ ಕಾಲೊನಿಯ ಮಕ್ಕಳು ಓಡುವುದರಲ್ಲಿ ಗಟ್ಟಿಗರು, ಮೊದಲ ಪಂದ್ಯದಲ್ಲಿ ನಾಲ್ಕು ಗೋಲು ತಿನ್ನಿಸಿದರೂ ತಿನ್ನಿಸಿಯಾರು. ಬಂದವರಿಗೆ ಮಂಡಕ್ಕಿ-ಮಿರ್ಚಿ ತಿನ್ನಿಸಿ ಕಳಿಸಿ, ಮುಂದಿನ ಭಾನುವಾರ ಅವರೂರಿನ ಬಸ್ಸು ಎಷ್ಟು ಗಂಟೆಗೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.